ಎಲೆಕ್ಟಾಳನ್ನು ಕರೆದವರು

ಗಂಡ ಸತ್ತು ವರ್ಷ ತುಂಬುವ ಮೊದಲೇ ಆಗಸ್ಟಾ ಪೆನ್‌ಹ್ಯಾಲೋ ಮನೆಯ ಗೋಡೆಗಳ ಮೇಲಿದ್ದ ಇಟಲಿ, ಫ್ರಾನ್ಸುಗಳ ಚಿತ್ರಗಳನ್ನೆಲ್ಲ ಇಳಿಸಿ ಬಾಸ್ಟನ್ನಿಗೆ ಸಾಗಹಾಕಿದಳು. ಮೇರಿಮಾತೆಯರು, ದೋಣಿಗಳು, ದ್ರಾಕ್ಷಿ ತಿನ್ನುವ ದೇವತೆಗಳು, ಎಲ್ಲವೂ ಹುಲ್ಲು ತುಂಬಿದ ಪೆಟ್ಟಿಗೆಗಳಲ್ಲಿ ಮಲಗಿ ರೈಲು ಹತ್ತಿದವು. ಹೇಲ್ಸ್‌ಬರೋದ ಹೆಂಗಸರು ಚರ್ಚಿನ ಮೆಟ್ಟಿಲ ಮೇಲೆ ನಿಂತು, ಪಾಪ, ದುಃಖಕ್ಕೆ ತಲೆ ಕೆಟ್ಟಿದೆ ಎಂದು ಮಾತಾಡಿಕೊಂಡರು.

ತಲೆ ಕೆಟ್ಟಿರಲಿಲ್ಲ, ಹಟ ಹಿಡಿದಿತ್ತು. ಗಡಿಯಾರದ ಕಾರ್ಖಾನೆಯ ಒಡೆಯನಾದ ಗಂಡ ಬದುಕಿದ್ದಾಗ ಒಂದು ಸಂಜೆ ಊಟಕ್ಕೆ ಬಂದಿದ್ದ ಬಾಸ್ಟನ್ನಿನ ಅತಿಥಿಯೊಬ್ಬ, ಕುರಿಮಾಂಸ ಕತ್ತರಿಸುತ್ತ, "ಅಮೆರಿಕದಲ್ಲಿ ಚಿತ್ರಕಲೆ ಎಲ್ಲಿ ಬಂತು ತಾಯಿ? ಇಲ್ಲಿರೋರೆಲ್ಲ ಅಂಗಡಿ ಬೋರ್ಡು ಬರೆಯೋರು" ಅಂದಿದ್ದ. ಮೇಜಿಗೆ ಮೇಜೇ ನಕ್ಕಿತ್ತು. ಎಲ್ಲರಿಗಿಂತ ಜೋರಾಗಿ ನಕ್ಕವನು ಅವಳ ಗಂಡ. ಆಗಸ್ಟಾ ನಗಲಿಲ್ಲ. ಅವಳು ಬೆಳೆದ ಮನೆಯಲ್ಲಿ ಅವಳ ಅಜ್ಜಿಯ ಚಿತ್ರವೊಂದಿತ್ತು. ಊರೂರು ತಿರುಗಿ ಬೋರ್ಡು ಬರೆಯುವವನೇ ಬರೆದದ್ದು. ಕೈಗಳು ಸೌಟಿನಂತಿದ್ದವು, ಕೂತ ಕುರ್ಚಿ ಗಾಳಿಯಲ್ಲಿ ತೇಲುತ್ತಿತ್ತು. ಆದರೆ ಬಿಗಿದ ಆ ತುಟಿ ಮಾತ್ರ ಅಜ್ಜಿಯದೇ. ಸುಳ್ಳು ಹೇಳಿ ಅದರ ಮುಂದೆ ಹಾದುಹೋಗುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

"ಈ ಮನೆ ಮ್ಯೂಸಿಯಂ ಆಗುತ್ತೆ," ಎಂದು ಅವಳು ಆರಿನ್ ಟಟಲ್‌ನಿಗೆ ಹೇಳಿದಳು. ಆರಿನ್ ಅವಳ ಕಾರು ಓಡಿಸುತ್ತಿದ್ದ. ಉಳಿದ ಹೊತ್ತಿನಲ್ಲಿ ತೋಟ, ಒಲೆ, ಸೋರುವ ಮಾಡು ನೋಡಿಕೊಳ್ಳುತ್ತಿದ್ದ ಮುದಿ ಬ್ರಹ್ಮಚಾರಿ. "ಅಮೆರಿಕದವರು ಬರೆದದ್ದು ಬಿಟ್ಟು ಬೇರೇನೂ ಈ ಹೊಸಲು ದಾಟಕೂಡದು."

"ಹಾಗಾದ್ರೆ ಅಡುಗೆ ಬ್ರೈಡಿನ ಏನ್ ಮಾಡೋಣ ಅಮ್ಮಾವ್ರೇ? ಅವಳು ಐರ್ಲೆಂಡಿನವಳು."

"ಅವಳನ್ನ ಯಾರೂ ಗೋಡೆಗೆ ನೇತುಹಾಕಲ್ಲ. ಕಾರು ತೆಗಿ."

ಅಲ್ಲಿಂದ ಅವರು ಗುಡ್ಡದ ದಾರಿಗಳನ್ನೆಲ್ಲ ಸುತ್ತಿದರು. ಕಾಲ ಕೆಟ್ಟಿತ್ತು, ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ಹಳ್ಳಿ ಮನೆಗಳವರು ಸತ್ತ ಮುತ್ತಜ್ಜಂದಿರನ್ನು ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಕೊಟ್ಟು ಕಳಿಸಿದರು. ಒಂದು ಕಡೆ ಹಿಟ್ಟಿನ ಪೀಪಾಯಿಗೆ ಮುಚ್ಚಳವಾಗಿದ್ದ ಪಾದ್ರಿಯೊಬ್ಬ ಸಿಕ್ಕಿದ. ಇನ್ನೊಂದು ಕಡೆ ಕೋಳಿಗೂಡಿನ ಬಿರುಕಿಗೆ ಅಡ್ಡಲಾಗಿ ಮೊಳೆ ಹೊಡೆಸಿಕೊಂಡಿದ್ದ ಮದುಮಗಳು. ಆಗಸ್ಟಾ ಎಲ್ಲರನ್ನೂ ಕಂಬಳಿಯಲ್ಲಿ ಸುತ್ತಿ ಹಿಂದಿನ ಸೀಟಿನಲ್ಲಿ ಕೂರಿಸಿ ತಂದಳು. ಬರೆದವರ ಹೆಸರು ಯಾವುದರ ಮೇಲೂ ಇರಲಿಲ್ಲ. ಚಿತ್ರದಲ್ಲಿದ್ದವರು ಯಾರೆಂದು ಅವಳೂ ಕೇಳುತ್ತಿರಲಿಲ್ಲ. ಕಲೆ ಇನ್ನು ಮೇಲೆ ಎಲ್ಲರ ಸೊತ್ತು, ಒಂದು ಮನೆಯದಲ್ಲ ಎಂಬುದು ಅವಳ ನಂಬಿಕೆ.

ಲೇಥ್ರಪ್ ಮನೆಗೆ ಅವರು ಹೋದದ್ದು ಕೊನೆಗೆ. ಉತ್ತರದ ಗುಡ್ಡದ ದಾರಿ, ಮಾಡು ಹೊದಿಸಿದ ಮರದ ಸೇತುವೆ ದಾಟಿ, ಆ ಮನೆಯ ಅಂಗಳದಲ್ಲೇ ಮುಗಿಯುತ್ತಿತ್ತು. ಅಲ್ಲಿ ಎಲೆಕ್ಟಾ ಲೇಥ್ರಪ್ ಎಂಬ ಮುದುಕಿ ಒಬ್ಬಳೇ ಇದ್ದಳು. ಬೆನ್ನು ಬಾಗಿರಲಿಲ್ಲ, ಕಣ್ಣು ಮಾತ್ರ ಮಸುಕಾಗುತ್ತಿತ್ತು. ಬೆಂಕಿಗೂಡಿನ ಮೇಲೆ ಒಂದು ಚಿತ್ರವಿತ್ತು. ಅದನ್ನು ಕಂಡದ್ದೇ ಆಗಸ್ಟಾ ಬಾಗಿಲಲ್ಲೇ ನಿಂತುಬಿಟ್ಟಳು.

ಕೆಂಪು ಅಂಗಿಯ ಪುಟ್ಟ ಹುಡುಗಿ. ಒಂದು ಕಾಲಿಗೆ ಬೂಟು, ಇನ್ನೊಂದು ಬರಿಗಾಲು. ಆ ಇನ್ನೊಂದು ಬೂಟನ್ನು ಅವಳು ಕೈಯಲ್ಲಿ ಹಿಡಿದಿದ್ದಳು. ಮೈಗೆ ತೂಕವೇ ಇಲ್ಲದಂತೆ ನಿಂತ ಮಗು. ಕಣ್ಣು ಮಾತ್ರ ನೋಡುವವರನ್ನು ಹಿಡಿದರೆ ಬಿಡುತ್ತಿರಲಿಲ್ಲ.

"ಯಾರಿದು?"

"ಎಲೆಕ್ಟಾ."

"ಓ, ನೀವೇನಾ? ಚಿಕ್ಕವರಿದ್ದಾಗ ಬರೆಸಿದ್ದಾ?"

"ನಾನಲ್ಲಮ್ಮ, ನಮ್ಮಕ್ಕ. ನಾನು ಹುಟ್ಟೋಕೆ ಮುಂಚೇನೇ ಗಂಟಲಮಾರಿ ಬಂದು ಹೋದ್ಲು. ಒಳ್ಳೇ ಹೆಸರು, ಯಾಕೆ ದಂಡ ಮಾಡ್ಬೇಕು ಅಂತ ನನಗಿಟ್ರು. ಅವಳ ಅಂಗಿಗಳನ್ನೂ ನಾನೇ ಹಾಕ್ಕೊಂಡು ಹರಿದೆ." ಮುದುಕಿ ಚಿತ್ರದ ಕಡೆ ನೋಡದೆಯೇ ಮಾತಾಡುತ್ತಿದ್ದಳು. "ಇದನ್ನ ಬರೆಯೋನು ಬಂದಿದ್ದು ಅವಳು ಹೋದ ಮೇಲೆ. ಹಿಮದ ಕಾಲ, ನೆಲ ಅಗೆಯೋಕಾಗ್ತಿರಲಿಲ್ಲ. ಅದಕ್ಕೆ ಮನೇಲೇ ಇಟ್ಕೊಂಡಿದ್ರು. ಕುರ್ಚೀಲಿ ಕೂರಿಸಿ, ದಿಂಬು ಕೊಟ್ಟು, ಮುಖ ಬರೆಸಿದ್ರಂತೆ. ಕಣ್ಣು ಮುಚ್ಚಿತ್ತಲ್ಲ? ಅದಕ್ಕೆ ನಮ್ಮಮ್ಮನ್ನ ಎದುರಿಗೆ ನಿಲ್ಲಿಸ್ಕೊಂಡು ಅವಳ ಕಣ್ಣು ಬರೆದ. ಸರಿಯಾಗಿ ನೋಡಿ. ಅದು ಮಗೂದಲ್ಲ, ಮಗೂನ ಕಳ್ಕೊಂಡೋಳದ್ದು."

ಆರಿನ್ ತಲೆಯ ಹ್ಯಾಟು ತೆಗೆದ. ಆಗಸ್ಟಾ ಚಿತ್ರದ ಹತ್ತಿರ ಸರಿದಳು.

"ದಿನಾ ಬೆಳಗ್ಗೆ ನಮ್ಮಮ್ಮ ಆ ಬಾಗಿಲಲ್ಲಿ ನಿಂತು, 'ಎಲೆಕ್ಟಾ, ಬೆಳಗಾಯ್ತು' ಅಂತ ಕರೀತಿದ್ಲು. ನನ್ನ ನೋಡಿ ಕರೀತಿದ್ಲೋ, ಗೋಡೆ ನೋಡಿ ಕರೀತಿದ್ಲೋ, ನನಗಿವತ್ತಿಗೂ ಗೊತ್ತಿಲ್ಲ. ನಾನು ಮಾತ್ರ ಹಾಸಿಗೆಯಿಂದಲೇ ತಟ್ಟನೆ ಓ ಅಂತಿದ್ದೆ."

"ತಟ್ಟನೆ ಯಾಕೆ?"

"ನಾನು ತಡ ಮಾಡಿದ್ರೆ ಗೋಡೇಲಿರೋಳು ಓ ಅಂದುಬಿಟ್ರೆ?"

ಮುದುಕಿ ನಕ್ಕಳು. ಆಗಸ್ಟಾಳೂ ನಕ್ಕಳು. ಆರಿನ್ ಕಿಟಕಿಯ ಆಚೆ ನೋಡುತ್ತ ನಿಂತಿದ್ದ.

ಕೊಡಲು ಮುದುಕಿ ಹಿಂದೆಮುಂದೆ ನೋಡಲಿಲ್ಲ. ತನ್ನ ನಂತರ ಮನೆಯಲ್ಲಿ ಯಾರೂ ಇಲ್ಲ. ಸತ್ತ ಮಾರನೆಯ ದಿನವೇ ಮನೆಯನ್ನು ಯಾರೋ ಕಿತ್ತು ಸೌದೆ ಮಾಡಿಕೊಳ್ಳುತ್ತಾರೆ. ಅಕ್ಕ ಬೆಚ್ಚಗೆ ಒಂದು ಕಡೆ ಇರಲಿ ಅಂದಳು. "ಅಮ್ಮ ಹೋದ ಮೇಲೆ ನಾನೇ ಕರೀತಾ ಬಂದೆ. ಒಂದೇ ಮಾತು ಕೇಳ್ತೀನಿ ತಾಯಿ. ಬೆಳಗ್ಗೆ ಹೊತ್ತು ಯಾರಾದ್ರೂ ಹೆಸರು ಹಿಡಿದು ಕರೀಬೇಕು. ಇಲ್ದಿದ್ರೆ ತಾನೆಲ್ಲಿದೀನಿ ಅಂತ ಅವಳಿಗೆ ಗೊತ್ತಾಗಲ್ಲ."

"ಖಂಡಿತ," ಅಂದಳು ಆಗಸ್ಟಾ, ಮುದುಕರಿಗೆ ಮಾತು ಕೊಡುವ ಹಾಗೆ. ಕಾರು ಹತ್ತುವ ಹೊತ್ತಿಗೆ ಮರೆತೂ ಬಿಟ್ಟಳು.

ಅಕ್ಟೋಬರಿನಲ್ಲಿ, ಮೇಪಲ್ ಮರಗಳು ಉರಿಯುತ್ತಿದ್ದ ಒಂದು ಮಧ್ಯಾಹ್ನ ಮ್ಯೂಸಿಯಂ ತೆರೆಯಿತು. ಬ್ರೈಡಿ ಸೇಬಿನ ಪೈಗಳನ್ನು ಸಾಲಾಗಿ ಇಟ್ಟಿದ್ದಳು. ಊರಿನವರು ತಮ್ಮ ತಮ್ಮ ಮುತ್ತಜ್ಜಂದಿರನ್ನು ಹುಡುಕಿ, ಗುರುತು ಹಿಡಿದು, ಮೂಗಿನ ಬಗ್ಗೆ ಜಗಳವಾಡಿದರು. ನ್ಯೂಯಾರ್ಕಿನಿಂದ ಲೂಷಿಯನ್ ಕ್ರೇಲ್ ಎಂಬ ವಿಮರ್ಶಕ ಬಂದಿದ್ದ. ಅವನು ಒಪ್ಪಿದರೆ ದೇಶ ಒಪ್ಪಿದ ಹಾಗೆ. ಕೆಂಪು ಅಂಗಿಯ ಹುಡುಗಿಯ ಮುಂದೆ ಅವನು ಬಹಳ ಹೊತ್ತು ನಿಂತ. ಬೆನ್ನ ಹಿಂದೆ ನಿಂತಿದ್ದ ಆಗಸ್ಟಾ ಹೆಮ್ಮೆಯಿಂದ ಕೈ ಕಟ್ಟಿಕೊಂಡಳು.

ಹೊರಡುವಾಗ ಕ್ರೇಲ್ ಬಾಗಿಲು ತೆರೆದು, ಅದನ್ನು ಹಿಡಿದುಕೊಂಡು, ತನ್ನ ಸೊಂಟದ ಎತ್ತರದಲ್ಲಿ ಏನನ್ನೋ ನೋಡುತ್ತ ಕಾದ. ಆಮೇಲೆ ಮೆಟ್ಟಿಲಿಳಿದ. ಬಲಗೈ ಮೈಯಿಂದ ಸ್ವಲ್ಪ ದೂರ ಇಳಿಬಿದ್ದಿತ್ತು, ಬೆರಳುಗಳು ಮಡಿಚಿದ್ದವು. ಹೆಜ್ಜೆ ಸಣ್ಣದಾಗಿತ್ತು. ಅವನನ್ನು ಸ್ಟೇಶನ್ನಿಗೆ ಬಿಡಲು ಆರಿನ್ ಕಾರಿನ ಬಾಗಿಲು ತೆರೆದು ನಿಂತಿದ್ದರೆ, ಕ್ರೇಲ್ ಕಾರನ್ನು ದಾರಿಬದಿಯ ಕಂಬವೆಂಬಂತೆ ದಾಟಿಕೊಂಡು ಉತ್ತರಕ್ಕೆ ನಡೆದ.

ಆರಿನ್ ಅವನನ್ನು ಕಂಡದ್ದು ಮರದ ಸೇತುವೆಯ ಮೇಲೆ. ಹ್ಯಾಟು ಎಲ್ಲೋ ಬಿದ್ದುಹೋಗಿತ್ತು.

"ನಾನ್ಯಾಕೆ ಇಲ್ಲಿಗೆ ಬಂದೆ?" ಎಂದು ಕ್ರೇಲ್ ಕೇಳಿದ.

"ಗಾಳಿ ಸೇವನೆಗಿರಬೇಕು ಸ್ವಾಮಿ," ಅಂದ ಆರಿನ್. ಕಾರು ಹತ್ತಿಸಲು ಹಿಡಿದ ಅವನ ಬಲಗೈ ಬಾವಿಯ ಕಲ್ಲಿನಂತೆ ತಣ್ಣಗಿತ್ತು. ಇನ್ನೊಂದು ಕೈ ಬೆಚ್ಚಗೇ ಇತ್ತು.

ಕ್ರೇಲ್ ಮ್ಯೂಸಿಯಂ ಬಗ್ಗೆ ಹೊಗಳಿ ಬರೆದ. ಆಗಸ್ಟಾಳ ಹೆಸರು ದೂರದ ಊರುಗಳಿಗೆ ಮುಟ್ಟಿತು. ಜನ ಬರತೊಡಗಿದರು. ಬಂದವರಲ್ಲಿ ಕೆಲವರು ಕೈಯನ್ನು ಹಾಗೆಯೇ ಇಳಿಬಿಟ್ಟುಕೊಂಡು, ಪುಟ್ಟ ಕಾಲಿಗೆ ಹೊಂದುವ ಹೆಜ್ಜೆ ಹಾಕುತ್ತ, ಉತ್ತರದ ದಾರಿ ಹಿಡಿಯುತ್ತಿದ್ದರು. ಸೇತುವೆಯ ಕತ್ತಲೆಗೆ ಹೊಕ್ಕಾಗ ಎಚ್ಚರಾಗಿ, ಪೆಚ್ಚಾಗಿ ಹಿಂತಿರುಗುತ್ತಿದ್ದರು. "ಪೆನ್‌ಹ್ಯಾಲೋ ಮನೆಗೆ ಹೋದೋರಿಗೆಲ್ಲ ಗುಡ್ಡ ಹತ್ತೋ ಚಟ ಹತ್ಕೊಳ್ಳುತ್ತೆ. ಪೈಗೆ ಏನ್ ಹಾಕ್ತೀಯೇ ಬ್ರೈಡಿ?" ಎಂದು ಅಂಚೆ ಕಚೇರಿಯಲ್ಲಿ ಜನ ತಮಾಷೆ ಮಾಡಿದರು.

ಮರ್ಸಿ ಡನ್ನಿಂಗ್‌ಳ ಸಂಗತಿಯಾದ ಮೇಲೆ ತಮಾಷೆ ನಿಂತಿತು. ಹಾಲಿನ ಡೈರಿಯವನ ಹೆಂಡತಿ ಆಕೆ. ಆ ವಸಂತದಲ್ಲಿ ಮಗಳನ್ನು ಮಣ್ಣು ಮಾಡಿದ್ದಳು. ಮ್ಯೂಸಿಯಮಿನಿಂದ ಹೊರಟವಳು ಸೇತುವೆಯಲ್ಲಿ ನಿಲ್ಲಲಿಲ್ಲ. ಹಿಮ ಬೀಳತೊಡಗಿದ್ದರೂ ಗುಡ್ಡ ಹತ್ತುತ್ತಲೇ ಹೋದಳು. ಗಂಡ, ಮೈದುನ ಓಡಿಹೋಗಿ ತಡೆದರೆ ಅವರ ಕೈ ಕಚ್ಚಿದಳು, ಮುಖ ಪರಚಿದಳು. "ಬಿಡ್ರೋ, ಮನೆ ಇನ್ನೇನು ಬಂತು ಅಂತಿದಾಳೆ! ಬಿಡ್ರೋ!" ಎಂದು ಕೂಗುತ್ತಿದ್ದವಳನ್ನು ಹೊತ್ತೇ ಇಳಿಸಬೇಕಾಯಿತು.

ಮಾರನೆಯ ದಿನ ಆಗಸ್ಟಾ ಮ್ಯೂಸಿಯಮಿನ ಬಾಗಿಲು ಹಾಕಿಸಿದಳು.

"ಏನ್ ಮಾಡ್ತೀರಿ ಅಮ್ಮಾವ್ರೇ?" ಎಂದು ಆರಿನ್ ಕೇಳಿದ.

"ಎಲ್ಲಿಗೆ ಕರ್ಕೊಂಡು ಹೋಗುತ್ತೆ ನೋಡ್ತೀನಿ. ನೀನು ಹಿಂದೆ ಕಾರಲ್ಲಿ ಬಾ. ಮಾತಾಡಿಸ್ಬೇಡ."

ಮಧ್ಯಾಹ್ನದ ಬೆಳಕು ಕೋಣೆಯ ತುಂಬ ಬಿದ್ದಿತ್ತು. ಅವಳು ಚಿತ್ರದ ಮುಂದೆ ನಿಂತು, ಕೈಗವಸು ಕಳಚಿ, ಬಲಗೈ ಇಳಿಬಿಟ್ಟಳು. ಏನೂ ಆಗಲಿಲ್ಲ. ಅಡುಗೆಮನೆಯಲ್ಲಿ ಬ್ರೈಡಿ ಪಾತ್ರೆ ಎತ್ತಿಡುವ ಸದ್ದು ಕೇಳುತ್ತಿತ್ತು. ತನ್ನ ಹುಚ್ಚಿಗೆ ತಾನೇ ನಾಚಿ ಆಗಸ್ಟಾ ತಿರುಗುವಷ್ಟರಲ್ಲಿ ಅಂಗೈಯೊಳಗೆ ಪುಟ್ಟ ಬೆರಳುಗಳು ಬಂದು ಕೂತವು. ಹಕ್ಕಿಯೊಂದು ಕೊಂಬೆ ಹಿಡಿಯುವ ಹಾಗೆ, ಅಷ್ಟು ಸಲೀಸಾಗಿ. ತಣ್ಣಗಿದ್ದವು.

ಅವಳಿಗೆ ಮಕ್ಕಳಿರಲಿಲ್ಲ. ಮಗುವೊಂದರ ಕೈ ಹಿಡಿದು ಬೀದಿಯಲ್ಲಿ ನಡೆದದ್ದು ಅವಳ ಬಾಳಿನಲ್ಲಿ ಅದೇ ಮೊದಲು.

ದಾರಿಯಲ್ಲಿ ಅವಳಿಗೆ ಮರವೆ ಕವಿಯಲಿಲ್ಲ, ಎಲ್ಲ ತಿಳಿಯುತ್ತಿತ್ತು. ಹಿಂದೆ ಕಾರಿನ ಗುರುಗುರು, ಸೇತುವೆಯ ಹಲಗೆಗಳ ಕಿರಕಿರ, ಏರು ಬಂದಲ್ಲಿ ಆ ಕೈ ಜಗ್ಗುವುದು. ಹಿಮದ ಮೇಲೆ ಅವಳ ಹೆಜ್ಜೆಯ ಪಕ್ಕ ಬೇರೆ ಹೆಜ್ಜೆ ಮೂಡುತ್ತಿದೆಯೋ ಇಲ್ಲವೋ ಎಂದು ಮಾತ್ರ ಅವಳು ಕೆಳಗೆ ನೋಡಲಿಲ್ಲ. ಮನೆ ಹತ್ತಿರವಾದಂತೆ ಕೈ ಅವಸರ ಮಾಡಿತು. ಆಗಸ್ಟಾಳಿಗೆ ಏದುಸಿರು ಬಂತು.

ಲೇಥ್ರಪ್ ಮನೆಯ ಬಾಗಿಲು ಅರೆ ತೆರೆದಿತ್ತು. ಒಳಗೆ ಒಲೆ ಆರಿ ಎಷ್ಟು ಹೊತ್ತಾಗಿತ್ತೋ. ಮುದುಕಿ ಶಾಲು ಹೊದ್ದು ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಕಣ್ಣು ಪೂರ್ತಿ ಬೆಳ್ಳಗಾಗಿತ್ತು. ಬೆಂಕಿಗೂಡಿನ ಮೇಲೆ, ಚಿತ್ರ ತೆಗೆದ ಜಾಗದಲ್ಲಿ, ಗೋಡೆ ಬೇರೆ ಬಣ್ಣವಾಗಿ ಉಳಿದಿತ್ತು. ಅತ್ತ ತಿರುಗಿ ಮುದುಕಿ, "ಎಲೆಕ್ಟಾ, ಬೆಳಗಾಯ್ತು" ಎಂದು ಕರೆದಳು.

ಹೊರಗೆ ಸೂರ್ಯ ಗುಡ್ಡದ ಹಿಂದೆ ಇಳಿಯುತ್ತಿದ್ದ. ಕುರುಡಿಗೆ ಯಾವ ಹೊತ್ತೂ ಬೆಳಗ್ಗೆಯೇ. ಎಚ್ಚರಾದಾಗೆಲ್ಲ ಎದ್ದು ಕರೆಯುತ್ತಿದ್ದಳು.

ಆಗಸ್ಟಾಳ ಅಂಗೈ ಬರಿದಾಯಿತು. ಕೋಣೆಯೊಳಗಿನಿಂದ, ಬೆಂಕಿಗೂಡಿನ ಕಡೆಯಿಂದ, "ಓ" ಎಂಬ ದನಿ ಬಂತು. ನಿದ್ದೆಯಿಂದ ಎದ್ದ ಮಗುವಿನ ದನಿ.

ಮುದುಕಿ ತಲೆ ಹೊರಳಿಸಿದಳು. "ಯಾರು ಬಾಗಿಲಲ್ಲಿ? ಓ ಅಂದಿದ್ದು ನೀವಾ?"

"ಅಲ್ಲ. ನಾನು ಆಗಸ್ಟಾ. ನಾನೇನೂ ಅನ್ನಲಿಲ್ಲ."

"ನಾನೂ ಅನ್ನಲಿಲ್ಲ." ಮುದುಕಿ ಕೈ ಚಾಚಿ ಕುರ್ಚಿ ತಡಕಿ ಕೂತಳು. "ಅಂತೂ ಅಂದುಬಿಟ್ಲು ಹಾಗಾದ್ರೆ."

ಆಗಸ್ಟಾ ಅವಳ ಪಕ್ಕದಲ್ಲಿ ನೆಲದ ಮೇಲೇ ಕೂತಳು. ಕೊಟ್ಟ ಮಾತು ಅವಳಿಗೆ ಆಗ ನೆನಪಾಯಿತು. ಕ್ರೇಲ್ ಬರೆದದ್ದು, ಮರ್ಸಿಯನ್ನು ಹೊತ್ತು ತಂದದ್ದು, ಎಲ್ಲ ಹೇಳಿದಳು. "ನಾಳೆನೇ ಚಿತ್ರ ತಂದು ಅದರ ಜಾಗಕ್ಕೆ ಹಾಕಿಸ್ತೀನಿ," ಅಂದಳು.

"ಇಲ್ಲಿ ಹಾಕಿ ಏನ್ ಮಾಡ್ತೀರಿ? ಈ ಚಳಿಗಾಲ ನಾನು ದಾಟೋದು ಅನುಮಾನ. ಆಮೇಲೆ ಖಾಲಿ ಮನೇಲಿ ಅವಳು ಯಾರ ಕೈ ಹಿಡೀಬೇಕು?" ಮುದುಕಿ ಆಗಸ್ಟಾಳ ತೋಳು ತಡಕಿ ಹಿಡಿದಳು. "ಅವಳನ್ನ ಕರ್ಕೊಂಡು ಹೋದೋರು ನನ್ನೂ ಕರ್ಕೊಂಡು ಹೋಗಿ. ನಾನೇನು ಜಾಸ್ತಿ ತಿನ್ನಲ್ಲ."

ಆರಿನ್ ಅವಳನ್ನು ಕಂಬಳಿಯಲ್ಲಿ ಸುತ್ತಿ ಹಿಂದಿನ ಸೀಟಿನಲ್ಲಿ ಕೂರಿಸಿದ. ದಾರಿಯುದ್ದಕ್ಕೂ ಮುದುಕಿ ಸೀಟಿನ ಒಂದು ಅಂಚಿಗೆ ಒತ್ತಿಕೊಂಡೇ ಕೂತಿದ್ದಳು, ಪಕ್ಕದಲ್ಲಿ ಜಾಗ ಬಿಟ್ಟು.

ಅಡುಗೆಮನೆ ಪಕ್ಕದ ಕೋಣೆ ಅವಳದಾಯಿತು. ಬ್ರೈಡಿ ಬೀನ್ಸು ಬೇಯಿಸಿ, ಕಾಕಂಬಿ ಹಾಕಿ, ಬಾಯಿಗೆ ಕೊಟ್ಟು ಉಣಿಸಿದಳು. ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಮುದುಕಿಯನ್ನು ಚಿತ್ರದ ಕೆಳಗಿನ ಕುರ್ಚಿಯಲ್ಲಿ ಕೂರಿಸುತ್ತಿದ್ದರು. ಅವಳು ಕರೆಯುತ್ತಿದ್ದಳು. ಆಮೇಲೆ ದಿನವಿಡೀ ಅಲ್ಲೇ ತೂಕಡಿಸುತ್ತ ಕೂತಿರುತ್ತಿದ್ದಳು. ಹೊಸದಾಗಿ ಬಂದವರು ಅವಳನ್ನು ಕಾವಲಿನವಳೆಂದು ತಿಳಿದು ಕಕ್ಕಸು ಎಲ್ಲಿದೆ ಎಂದು ಕೇಳುತ್ತಿದ್ದರು. ಉತ್ತರದ ದಾರಿಗೆ ಯಾರೂ ಹೋಗಲಿಲ್ಲ. ಮರ್ಸಿ ಡನ್ನಿಂಗ್ ಒಮ್ಮೆ ಬಂದಳು, ಮುದುಕಿಯ ಮಂಡಿಯ ಹತ್ತಿರ ಕೂತು ಅತ್ತು, ಎದ್ದು ಹಾಲು ಕರೆಯುವ ಹೊತ್ತಿಗೆ ಮನೆ ಸೇರಿದಳು.

"ಬೆಳಗ್ಗೆ ಕರೆದಾಗ ಯಾರು ಓ ಅಂತಾರೆ?" ಎಂದು ಒಂದು ದಿನ ಆಗಸ್ಟಾ ಆರಿನ್‌ನನ್ನು ಕೇಳಿದಳು. ಬಾಗಿಲು ತೆಗೆಯುವವನು ಅವನೇ.

"ಒಂದು ದನಿಯಂತೂ ಕೇಳುತ್ತೆ ಅಮ್ಮಾವ್ರೇ. ಯಾರದ್ದು ಅಂತ ನಾನು ನಿಂತು ನೋಡೋಕೆ ಹೋಗಲ್ಲ. ನನಗೆ ಒಲೆ ಹಚ್ಚೋ ಕೆಲಸ ಇರುತ್ತೆ."

ಫೆಬ್ರುವರಿಯಲ್ಲಿ ಮುದುಕಿ ಕುರ್ಚಿಯಲ್ಲೇ ತೀರಿಕೊಂಡಳು. ನೆಲ ಕಲ್ಲಾಗಿದ್ದರಿಂದ ಹಿಮ ಕರಗುವವರೆಗೆ ಶವವನ್ನು ಸ್ಮಶಾನದ ಕಲ್ಲುಮನೆಯಲ್ಲಿಟ್ಟರು. ಮಾರನೆಯ ಬೆಳಗ್ಗೆ ಆಗಸ್ಟಾಳೇ ಕೆಂಪು ಅಂಗಿಯ ಹುಡುಗಿಯ ಮುಂದೆ ನಿಂತು ಹೆಸರು ಹಿಡಿದು ಕರೆದಳು. ಕರೆದು, ಉತ್ತರ ಬರುವ ಮೊದಲೇ ಭಯದಿಂದ ತಿರುಗಿಬಿಟ್ಟಳು. ಆಗ ಅವಳ ಕಣ್ಣಿಗೆ ಉಳಿದವರು ಬಿದ್ದರು. ಪಾದ್ರಿ, ಮದುಮಗಳು, ನಾಯಿ ಹಿಡಿದ ಹುಡುಗ, ಒಂದೇ ಅಚ್ಚಿನ ಅವಳಿಗಳು. ಗೋಡೆಯ ಉದ್ದಕ್ಕೂ ಮುಖಗಳು. ಅವಳು ಹೆಸರು ಕೇಳದೇ ತಂದವರು. ಅವರೆಲ್ಲ ಕೂಗಿಗೆ ಕಿವಿಗೊಟ್ಟವರಂತೆ ನಿಂತಿದ್ದರು.

ಆ ವಸಂತದಲ್ಲಿ ಅವಳೂ ಆರಿನ್ನೂ ಮತ್ತೆ ಗುಡ್ಡ ಹತ್ತಿದರು. ಈ ಸಲ ತರಲು ಅಲ್ಲ, ಕೇಳಲು. ಇವರು ಯಾರು? ಮನೆಯಲ್ಲಿ ಏನಂತ ಕರೀತಿದ್ರಿ? ಕೆಲವರು ನಕ್ಕರು, ಕೆಲವು ಮುದುಕಿಯರು ಬಾಯಿಗೆ ಸೆರಗಿನಂತೆ ಏಪ್ರನ್ ಒತ್ತಿಕೊಂಡು ಅತ್ತರು. ಹೆಸರು ಸಿಗದ ಚಿತ್ರವನ್ನು ಆಗಸ್ಟಾ ಗೋಡೆಗೆ ಹಾಕಲಿಲ್ಲ. ಬರೆದವನು ಯಾರಾದರೂ ಆಗಿರಲಿ, ಬರೆಸಿಕೊಂಡವರ ಹೆಸರು ಇರಲೇಬೇಕು. ಬಾಗಿಲು ತೆರೆಯುವವರು ಬೆಳಗ್ಗೆ ಪ್ರತಿಯೊಂದು ಮುಖವನ್ನೂ ಹೆಸರು ಹಿಡಿದು ಕರೆಯಬೇಕು. ಇದು ಮ್ಯೂಸಿಯಮಿನ ಕಾನೂನಾಯಿತು. ದೊಡ್ಡ ಊರಿನ ಪಂಡಿತರು ಮೊದಲು ಗೇಲಿ ಮಾಡಿದರು, ಆಮೇಲೆ ಅದನ್ನೇ ನೋಡಲು ಬಂದರು.

ಕಾಲ ಸರಿಯಿತು. ಆರಿನ್ ಹೋದ, ಬ್ರೈಡಿ ಹೋದಳು. ಮನೆಯ ಹಿಂದೆ ಗಾಜಿನ ಹೊಸ ಕಟ್ಟಡ ಎದ್ದಿತು. ಆಗಸ್ಟಾ ತೋಟದಾಚೆಯ ಪುಟ್ಟ ಮನೆಗೆ ಸರಿದು, ಅಲ್ಲಿಂದ ಶಾಲೆಯ ಬಸ್ಸುಗಳು ಬಂದು ಹೋಗುವುದನ್ನು ನೋಡುತ್ತಿದ್ದಳು. ಎಂಬತ್ತು ದಾಟಿದಾಗ ಆಡಳಿತ ಮಂಡಳಿಯವರು ಅವಳಿಗೆ ತಿಳಿಯದಂತೆ, ಹಳೆಯ ಫೋಟೋ ನೋಡಿ ಅವಳ ಚಿತ್ರವೊಂದನ್ನು ಬರೆಸಿ ಮ್ಯೂಸಿಯಮಿನ ಒಳಗಿನ ಮೆಟ್ಟಿಲ ಮೇಲಿನ ಗೋಡೆಗೆ ಹಾಕಿದರು. ಚಪ್ಪಾಳೆಯಾಯಿತು, ಕೇಕು ಕತ್ತರಿಸಿದರು. ಆಗಸ್ಟಾ ಎಲ್ಲರಿಗೂ ಥ್ಯಾಂಕ್ಸ್ ಹೇಳಿ ಬೇಗ ಮನೆಗೆ ಹೋದಳು.

ಮಾರನೆಯ ಬೆಳಗ್ಗೆ ಗಂಜಿ ಕುಡಿಯುತ್ತಿದ್ದವಳು, "ಓ" ಅಂದಳು.

ಯಾರೂ ಕರೆದಿರಲಿಲ್ಲ. ಚಮಚ ಬಟ್ಟಲಲ್ಲೇ ನಿಂತಿತು. ಮುದಿತನ ಎಂದುಕೊಂಡಳು. ಮರುದಿನವೂ ಅದೇ ಹೊತ್ತಿಗೆ ಬಾಯಿಂದ ಓ ಹೊರಟಿತು. ಕಾಲುಗಳು ಕುರ್ಚಿಯಿಂದ ತಾವಾಗಿ ಎದ್ದವು. ಅದರಾಚೆಯ ದಿನ ಎಚ್ಚರಾದಾಗ ಅವಳು ಮನೆಯ ಮೆದು ಚಪ್ಪಲಿಯಲ್ಲಿ, ಇಬ್ಬನಿ ಹೆಪ್ಪುಗಟ್ಟಿದ ತೋಟ ದಾಟಿ, ಮ್ಯೂಸಿಯಮಿನ ಮೆಟ್ಟಿಲ ಮೇಲೆ ತನ್ನದೇ ಚಿತ್ರದ ಎದುರು ನಿಂತಿದ್ದಳು. ಬಾಗಿಲು ತೆರೆಯುವ ಹಲೀನಾ, ಪೋಲೆಂಡಿನವರ ಮನೆಯ ದಪ್ಪ ಹೆಂಗಸು, ಹೆಸರು ಕರೆಯುವುದನ್ನು ನಿಲ್ಲಿಸಿ ಓಡಿಬಂದಳು.

"ಅಯ್ಯೋ ಅಮ್ಮಾ! ಕೋಟಿಲ್ಲ, ಏನಿಲ್ಲ! ಯಾಕ್ ಬಂದ್ರಿ?"

"ನನ್ನ ಹೆಸರೂ ಕರೀತೀಯಾ ಹಲೀನಾ?"

"ಕರೀದೆ ಇರೋಕಾಗುತ್ತಾ? ಕಾನೂನು ಮಾಡಿದ್ದು ನೀವೇ ಅಲ್ವಾ?" ಹಲೀನಾ ತನ್ನ ಸ್ವೆಟರ್ ತೆಗೆದು ಅವಳಿಗೆ ಹೊದಿಸಿದಳು. "ಹೋದ ಮೂರು ದಿನದಿಂದ ಮೊದಲು ನಿಮ್ಮನ್ನೇ ಕರೀತಿದೀನಿ. ಮೆಟ್ಟಿಲು ಮೊದಲು ಸಿಗುತ್ತಲ್ಲ. ಬೇಡ ಅಂದ್ರೆ ಚಿತ್ರ ಇಳಿಸೋಕೆ ಹೇಳ್ತೀನಿ."

ಆಗಸ್ಟಾ ಚಿತ್ರವನ್ನು ನೋಡಿದಳು. ಇಳಿಸಿದರೆ ಕತ್ತಲೆಯ ಉಗ್ರಾಣದಲ್ಲಿಡುತ್ತಾರೆ. ಅಲ್ಲಿ ಯಾರೂ ಕರೆಯುವುದಿಲ್ಲ. ಅವಳು ಸ್ವೆಟರನ್ನು ಮೈಗೆ ಬಿಗಿದುಕೊಂಡಳು. ಅದು ಇಬ್ಬನಿಯ ಚಳಿಗಲ್ಲ.

"ಇರಲಿ ಬಿಡು," ಅಂದಳು. "ಆದರೆ ನನ್ನನ್ನ ಕೊನೆಗೆ ಕರಿ. ಅಷ್ಟು ದೂರ ನಡೆದು ಬರೋಕೆ ನನಗೆ ಹೊತ್ತು ಬೇಕು."

ಹಲೀನಾ ಹಾಗೆಯೇ ಮಾಡಿದಳು. ಬೇರೆಲ್ಲರನ್ನೂ ಕರೆದು ಮುಗಿಸಿ, ತೋಟದ ಕಡೆಯ ಜಲ್ಲಿಯ ಮೇಲೆ ಕೋಲಿನ ಸದ್ದು ಕೇಳುವವರೆಗೆ ತಡೆದು, ಆಮೇಲೆ ಕೊನೆಯ ಹೆಸರು ಕರೆಯುತ್ತಿದ್ದಳು. ಏಪ್ರಿಲ್ಲಿನಲ್ಲಿ ಆಗಸ್ಟಾ ನಿದ್ದೆಯಲ್ಲೇ ಹೋದಳು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಹಲೀನಾ ಇವತ್ತಿಗೂ ಆ ಕ್ರಮವನ್ನೇ ಹೇಳಿಕೊಡುತ್ತಾಳೆ. ಕೊನೆಯ ಹೆಸರಿಗೆ ಮುಂಚೆ ಎಷ್ಟು ಹೊತ್ತು ತಡೆಯಬೇಕು ಎಂದು ಅವರು ಕೇಳಿದರೆ, "ಬರೋವರೆಗೆ" ಅನ್ನುತ್ತಾಳೆ.